ಗಂಜಿ ತಂದುಕೊಟ್ಟವರ ದೇವರನ್ನೂ ನಂಬಬೇಕಾ?

ಪ್ರಶ್ನೆ: ನನಗೆ 31 ವರ್ಷ. ಊರು ಹಾಸನದ ಹತ್ತಿರ, ಕೆಲಸ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ, ಇರೋದು ಪಿಜಿಯಲ್ಲಿ. 2021ರಲ್ಲಿ ಕೊರೊನಾ ಬಂದು ಅಪ್ಪ ಹೋದರು. ಮುಖ ನೋಡಲೂ ಬಿಡಲಿಲ್ಲ. ಆಮೇಲಿಂದ ಕೆಲಸ, ಸಂಬಳ, ಮದುವೆ ಮಾತು ಯಾವುದರಲ್ಲೂ ಅರ್ಥ ಕಾಣುತ್ತಿಲ್ಲ. ನಿದ್ದೆಯೂ ಸರಿಯಾಗಿ ಬರುತ್ತಿಲ್ಲ. ಹೋದ ವರ್ಷ ಡೆಂಗ್ಯೂ ಆಗಿ ಮಲಗಿದ್ದಾಗ ಆಫೀಸಿನ ಗೆಳತಿ ಮತ್ತು ಅವಳ ಚರ್ಚಿನವರು ದಿನಾ ಗಂಜಿ, ಎಳನೀರು ತಂದುಕೊಟ್ಟರು. ಹುಷಾರಾದ ಮೇಲೆ ಅವರ ಜೊತೆ ಭಾನುವಾರ ಹೋಗತೊಡಗಿದೆ. ಒಂದು ಕಾಂಪ್ಲೆಕ್ಸಿನ ಮೂರನೇ ಮಹಡಿಯಲ್ಲಿ ಹಾಲ್ ಬಾಡಿಗೆಗೆ ಹಿಡಿದಿದ್ದಾರೆ. ಹೆಚ್ಚಿನವರು ನನ್ನ ವಯಸ್ಸಿನವರೇ. ಅಲ್ಲಿ ಕೂತರೆ ಮನಸ್ಸು ಹಗುರಾಗುತ್ತೆ. ಈಗ ಪಾಸ್ಟರ್, ನೀರಿನಲ್ಲಿ ಮುಳುಗಿಸಿ ಕ್ರೈಸ್ತಳಾಗಿ ಸೇರಿಸಿಕೊಳ್ಳುವ ದೀಕ್ಷಾಸ್ನಾನ ಯಾವಾಗ ಅಂತ ಕೇಳುತ್ತಿದ್ದಾರೆ. ಅಮ್ಮನಿಗೆ ಏನೂ ಗೊತ್ತಿಲ್ಲ. ನನಗೆ ಬಂದಿರೋದು ನಂಬಿಕೆಯಾ, ಒಂಟಿತನ ಕಳೆದ ಖುಷಿಯಾ? ಮುಂದೆ ಆಸ್ತಿ, ಜಾತಿ ಸರ್ಟಿಫಿಕೇಟ್ ಅಂತ ತೊಂದರೆ ಆಗುತ್ತಾ? ಇನ್ನೊಂದು ಸಣ್ಣ ಪ್ರಶ್ನೆ, ಕುಂಕುಮ ಇಟ್ಟುಕೊಂಡು ಚರ್ಚಿಗೆ ಹೋಗಬಹುದಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಈಗಲೇ ದೀಕ್ಷಾಸ್ನಾನ ಬೇಡ. ಹಾಗಂತ ಚರ್ಚಿಗೆ ಹೋಗುವುದನ್ನೂ ಬಿಡಬೇಡಿ. ಈ ಎರಡು ಮಾತು ಒಟ್ಟಿಗೆ ಹೇಳಿದರೆ ಪಾಸ್ಟರಿಗೂ ಸಿಟ್ಟು ಬರಬಹುದು, ನಿಮ್ಮ ಮನೆಯವರಿಗೂ ಸಿಟ್ಟು ಬರಬಹುದು. ಬರಲಿ.

ನಾನು ಯಾರು ಅಂತ ಗೊತ್ತಿದ್ದರೆ ನನ್ನ ಮಾತನ್ನು ಎಷ್ಟು ತೂಗಬೇಕು ಅಂತ ನಿಮಗೆ ಗೊತ್ತಾಗುತ್ತೆ. ಹುಟ್ಟಿದ್ದು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಅನ್ನುವ ಪ್ರೊಟೆಸ್ಟೆಂಟ್ ಸಭೆಯ ಮನೆಯಲ್ಲಿ. ಕಾಲೇಜಿನಲ್ಲಿ ಧರ್ಮಗಳ ಬಗ್ಗೆ ಪಾಠ ಮಾಡಿದವಳು, ಆಪ್ತಸಮಾಲೋಚನೆಯೂ ಮಾಡುತ್ತೇನೆ. ಹಾಗಾಗಿ ಚರ್ಚಿನ ಮೇಲೆ ಪ್ರೀತಿಯೂ ಇದೆ, ಒಂದಿಷ್ಟು ಗುಮಾನಿಯೂ ಇದೆ.

ನಂಬಿಕೆಯಾ, ಒಂಟಿತನ ಕಳೆದ ಖುಷಿಯಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡನೆಯದೇ ಜಾಸ್ತಿ ಅಂತ ನನಗೆ ಅನಿಸುತ್ತೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಜಾನ್ ಲೋಫ್‌ಲ್ಯಾಂಡ್ ಮತ್ತು ರಾಡ್ನಿ ಸ್ಟಾರ್ಕ್ ಅನ್ನುವ ಇಬ್ಬರು ಸಮಾಜಶಾಸ್ತ್ರಜ್ಞರು ಅಮೆರಿಕದಲ್ಲಿ ಆಗಷ್ಟೇ ಕಾಲಿಟ್ಟಿದ್ದ ಒಂದು ಸಣ್ಣ ಧಾರ್ಮಿಕ ಗುಂಪಿನ ಜೊತೆ ಓಡಾಡಿ, ಜನ ಅದಕ್ಕೆ ಹೇಗೆ ಸೇರುತ್ತಾರೆ ಅಂತ ನೋಡಿ 1965ರಲ್ಲಿ ಬರೆದರು. ಬೋಧನೆ ಕೇಳಿ ಮೆಚ್ಚಿ ಸೇರುತ್ತಾರೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ಅವರಿಗೆ ಕಂಡದ್ದು ಬೇರೆ. ಮೊದಲು ಒಳಗಿನವರ ಜೊತೆ ಸ್ನೇಹ ಗಟ್ಟಿಯಾಗುತ್ತೆ, ಹೊರಗಿನವರ ಜೊತೆ ನಂಟು ಸಡಿಲವಾಗಿರುತ್ತೆ, ನಂಬಿಕೆ ಆಮೇಲೆ ಬಂದು ಕೂರುತ್ತೆ. 2010ರಲ್ಲಿ ಚೇಯೂನ್ ಲಿಮ್ ಮತ್ತು ರಾಬರ್ಟ್ ಪಟ್ನಮ್ ಇನ್ನೊಂದು ಕಡೆಯಿಂದ ಇದನ್ನೇ ನೋಡಿದರು. ಚರ್ಚಿಗೆ ಹೋಗುವವರು ಬದುಕಿನ ಬಗ್ಗೆ ಹೆಚ್ಚು ತೃಪ್ತಿಯಿಂದ ಇರುತ್ತಾರಲ್ಲ, ಯಾಕೆ? ಮುಖ್ಯ ಕಾರಣ, ಅಲ್ಲಿ ಅವರಿಗಿರುವ ಗೆಳೆಯರು. ಪ್ರತಿವಾರ ಬಂದು ಯಾರನ್ನೂ ಮಾತಾಡಿಸದೆ ಎದ್ದು ಹೋಗುವವರಿಗೆ ಆ ಲಾಭ ಅಷ್ಟಾಗಿ ಸಿಕ್ಕಿರಲಿಲ್ಲ.

ನಿಮ್ಮ ಕತೆಗೆ ಇದು ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಅಪ್ಪ ಇಲ್ಲ, ಊರು ದೂರ, ಪಿಜಿಯಲ್ಲಿ ಪಕ್ಕದ ಮಂಚದವಳ ಹೆಸರು ಗೊತ್ತಾಗುವಷ್ಟರಲ್ಲಿ ಅವಳು ಖಾಲಿ ಮಾಡಿರುತ್ತಾಳೆ. ಅಂಥ ಹೊತ್ತಲ್ಲಿ ಒಂದಷ್ಟು ಜನ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ಕರಗದೆ ಇದ್ದಿದ್ದರೆ ನಾನು ಚಿಂತೆ ಮಾಡುತ್ತಿದ್ದೆ. ಆದರೆ ಅವರು ತಂದುಕೊಟ್ಟ ಗಂಜಿಯ ಋಣ ತೀರಿಸೋದಕ್ಕೆ ಅಂತ ಯಾರೂ ನೀರಿಗೆ ಇಳಿಯಬಾರದು. ಒಳ್ಳೇ ಕ್ರೈಸ್ತರು ಅದನ್ನು ಬಯಸುವುದೂ ಇಲ್ಲ.

ಹಾಗಾದರೆ ನಂಬಿಕೆ ಅಂದರೆ ಏನು, ಅದು ಬಂದಿದೆ ಅಂತ ಗೊತ್ತಾಗೋದು ಹೇಗೆ? ನಾನು ಒಂದು ಕೆಲಸ ಹೇಳುತ್ತೇನೆ. ಅಪೊಸ್ತಲರ ವಿಶ್ವಾಸ ಪ್ರಮಾಣ ಅಂತ, ಕ್ರೈಸ್ತರು ಏನು ನಂಬುತ್ತಾರೆ ಅನ್ನೋದನ್ನು ಚುಟುಕಾಗಿ ಹೇಳುವ ಒಂದು ಹಳೇ ಪಾಠ ಇದೆ. ಕಥೋಲಿಕರೂ ಹೇಳುತ್ತಾರೆ, ಸಿಎಸ್‌ಐ, ಮೆಥೋಡಿಸ್ಟ್ ಸಭೆಗಳಲ್ಲೂ ಹೇಳುತ್ತಾರೆ. ನಿಮ್ಮ ಹಾಲ್ ಚರ್ಚಿನಲ್ಲಿ ಬಾಯಿಪಾಠ ಹೇಳದೆ ಇರಬಹುದು, ಆದರೆ ಅದರಲ್ಲಿರೋದನ್ನು ಅವರೂ ಬಹುಪಾಲು ಒಪ್ಪುತ್ತಾರೆ. ಒಂದು ನಿಮಿಷದಲ್ಲಿ ಓದಿ ಮುಗಿಸಬಹುದು. ಅದನ್ನು ಒಂದು ಹಾಳೆಯಲ್ಲಿ ಕೈಯಾರೆ ಬರೆದುಕೊಳ್ಳಿ. ಒಂದೊಂದು ಸಾಲಿನ ಮುಂದೆಯೂ ನಿಂತು, ಇದು ನಿಜ ಅಂತ ನನಗೆ ಅನಿಸುತ್ತಾ ಅಂತ ಕೇಳಿಕೊಳ್ಳಿ. ಲೋಕ ಸೃಷ್ಟಿಸಿದ ಒಬ್ಬ ದೇವರು. ಕನ್ಯೆಯಲ್ಲಿ ಹುಟ್ಟಿದ ಯೇಸು. ಪೊಂತ್ಯ ಪಿಲಾತ ಅನ್ನುವ ರೋಮನ್ ಅಧಿಕಾರಿಯ ಕಾಲದಲ್ಲಿ ಶಿಲುಬೆಗೆ ಹಾಕಿಸಿಕೊಂಡು ಸತ್ತು, ಮೂರನೇ ದಿನ ಎದ್ದದ್ದು. ಪಾಪಗಳ ಕ್ಷಮೆ. ಸತ್ತವರು ಮತ್ತೆ ಏಳುವುದು. ಗಮನಿಸಿ, ನೆಮ್ಮದಿ ಅನ್ನುವ ಮಾತು ಅದರಲ್ಲಿ ಎಲ್ಲೂ ಇಲ್ಲ! ಮನಸ್ಸು ಹಗುರಾಗುತ್ತೆ ಅಂತಲೂ ಇಲ್ಲ. ಇಂಥ ಕಾಲದಲ್ಲಿ, ಇಂಥ ಅಧಿಕಾರಿಯ ಕೈಕೆಳಗೆ, ಇಂಥದ್ದು ನಡೆಯಿತು ಅಂತ ಹೇಳುತ್ತೆ. ದೀಕ್ಷಾಸ್ನಾನದ ಹೊತ್ತಲ್ಲಿ ನಿಮ್ಮನ್ನು ಕೇಳುವುದೂ ಇದನ್ನೇ. ನಿಮಗೆ ಈ ಜನ ಇಷ್ಟವಾ ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ಎಲ್ಲಾ ಸಾಲೂ ಗಂಟಲಲ್ಲಿ ಇಳಿಯಬೇಕು ಅಂತ ನಾನು ಹೇಳುತ್ತಿಲ್ಲ. ಹುಟ್ಟು ಕ್ರೈಸ್ತರಿಗೇ ಎಷ್ಟೋ ಸಾಲು ಸಿಕ್ಕಿಹಾಕಿಕೊಂಡಿರುತ್ತೆ, ನಮ್ಮಜ್ಜಿ ಕನ್ಯೆಯ ಸಾಲು ಬಂದಾಗ ದನಿ ತಗ್ಗಿಸುತ್ತಿದ್ದಳು. ಆದರೆ ನಡುವಿನ ಸಾಲು, ಸತ್ತು ಎದ್ದ ಆ ಸಾಲು, ಅದು ನಿಮಗೆ ಬರೀ ಚೆಂದದ ಕತೆ ಅನಿಸಿದರೆ ಇನ್ನೂ ಹೊಸ್ತಿಲಲ್ಲಿ ಇದ್ದೀರಿ ಅಂತ ಅರ್ಥ. ಹೊಸ್ತಿಲಲ್ಲಿ ಎಷ್ಟು ದಿನ ಬೇಕಾದರೂ ಕೂರಬಹುದು.

ಇದೇನೂ ನನ್ನ ಸ್ವಂತ ಬುದ್ಧಿಯಲ್ಲ. ಹಿಪ್ಪೋಲಿಟಸ್ ಅನ್ನುವ ಹಳೇ ಕ್ರೈಸ್ತ ಗುರುವಿನ ಹೆಸರಿನಲ್ಲಿ ಬಂದಿರುವ, ಆದಿ ಸಭೆಯ ಕಾಲದ ಒಂದು ಕಟ್ಟಳೆ ಇದೆ. ಹೊಸದಾಗಿ ಬಂದವರು ಮೂರು ವರ್ಷ ವಾಕ್ಯ ಕೇಳಬೇಕು, ಆಮೇಲೆ ದೀಕ್ಷಾಸ್ನಾನ ಅಂತ ಅದು ಹೇಳುತ್ತೆ. ಚುರುಕಾದವರಿಗೆ ರಿಯಾಯಿತಿಯೂ ಇತ್ತು, ಕಾಲಕ್ಕಿಂತ ನಡತೆ ನೋಡಿ ಅಂತ. ನಡತೆ ಅಂದರೆ ವಿಧವೆಯರನ್ನು ನೋಡಿಕೊಂಡರಾ, ರೋಗಿಗಳ ಹತ್ತಿರ ಹೋದರಾ ಅಂತ ಕೇಳುತ್ತಿದ್ದರು. ಕಥೋಲಿಕ ಸಭೆ ಈ ಹಳೇ ದಾರಿಯನ್ನು ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1972ರಲ್ಲಿ, ಮತ್ತೆ ಚಾಲ್ತಿಗೆ ತಂದಿತು. ದೊಡ್ಡವರು ಯಾರಾದರೂ ಸೇರಬೇಕು ಅಂದರೆ ತಿಂಗಳುಗಟ್ಟಲೆ ಪಾಠ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸು ಕಾಲದ ತಯಾರಿ, ಈಸ್ಟರ್ ಹಿಂದಿನ ರಾತ್ರಿಯ ಜಾಗರಣೆ ಪೂಜೆಯಲ್ಲಿ ದೀಕ್ಷೆ. ಹಳೇ ಸಭೆಗಳೇ ಇಷ್ಟು ನಿಧಾನ ಮಾಡುವಾಗ ನಿಮ್ಮ ಪಾಸ್ಟರಿಗೆ ಏನು ಅವಸರ? ಅವಸರಕ್ಕೆ ಕೆಟ್ಟ ಕಾರಣವೇ ಇರಬೇಕು ಅಂತಿಲ್ಲ. ಅಂಥ ಸಭೆಗಳ ತಿಳಿವಳಿಕೆಯಲ್ಲಿ ನಂಬಿದ ತಕ್ಷಣ ನೀರಿಗೆ ಇಳಿಯಬೇಕು, ತಡ ಮಾಡುವುದೇ ಅವಿಧೇಯತೆ. ನೀವು ಮಾತ್ರ ನಂಬಿದೆ ಅಂತ ಇನ್ನೂ ಹೇಳಿಲ್ಲವಲ್ಲ.

ಇನ್ನೊಂದು ವಿಷಯ. ನೀವು ನೋಡಿರೋದು ಒಂದೇ ಥರದ ಚರ್ಚು. ಬಾಡಿಗೆ ಹಾಲ್, ಗಿಟಾರು, ಡ್ರಮ್ಮು, ಪರದೆ ಮೇಲೆ ಇಂಗ್ಲಿಷ್ ಹಾಡಿನ ಸಾಲು, ವಾರದ ಮಧ್ಯೆ ಯಾರದೋ ಫ್ಲಾಟಿನಲ್ಲಿ ಪ್ರಾರ್ಥನೆ, ಆಮೇಲೆ ಬಿರಿಯಾನಿ. ಒಂಟಿಯಾಗಿ ಬೆಂಗಳೂರಿಗೆ ಬಂದ ಹುಡುಗ ಹುಡುಗಿಯರಿಗೆ ಇದಕ್ಕಿಂತ ಬೆಚ್ಚಗಿನ ಜಾಗ ಸಿಗೋದು ಕಷ್ಟ, ಅದು ನನಗೂ ಗೊತ್ತು. ಆದರೆ ಆ ಹಾಲಿನಲ್ಲಿ ಎಪ್ಪತ್ತು ದಾಟಿದವರು ಎಷ್ಟು ಜನ ಇದ್ದಾರೆ, ನೋಡಿ. ಅಲ್ಲಿ ಯಾರದಾದರೂ ಸಾವಾದಾಗ ಏನು ಮಾಡಿದರು? ಹೂಳೋದಕ್ಕೆ ಜಾಗ ಎಲ್ಲಿ? ಸಣ್ಣ ಪ್ರಶ್ನೆ ಅನಿಸಬಹುದು. ಹಳೇ ಸಭೆಗಳಲ್ಲಿ ಸದಸ್ಯತ್ವ ಅಂದರೆ ಅರ್ಧಕ್ಕರ್ಧ ಸಮಾಧಿ ಜಾಗದ ವಿಷಯವೇ. ಚಂದಾ ಬಾಕಿ ಇಟ್ಟುಕೊಂಡವರು ಸಾವಿನ ಮನೆಯಿಂದ ಖಜಾಂಚಿಗೆ ಫೋನ್ ಮಾಡುವುದು ನಮ್ಮಲ್ಲಿ ಹಳೇ ಜೋಕು.

ಹಾಗಾಗಿ ಬೇರೆ ಕಡೆಗೂ ಹೋಗಿ ಬನ್ನಿ. ಕಾರ್ಪೊರೇಷನ್ ಹತ್ತಿರ ಹಡ್ಸನ್ ಸ್ಮಾರಕ ಚರ್ಚ್ ಇದೆಯಲ್ಲ, 1904ರಲ್ಲಿ ಕಟ್ಟಿದ್ದು, ಕನ್ನಡ ಸಭೆ. ಈಗ ಸಿಎಸ್‌ಐಗೆ ಸೇರಿದೆ. ಸಿಎಸ್‌ಐ ಅಂದರೆ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್ನರು, ಮೆಥೋಡಿಸ್ಟರು, ಪ್ರೆಸ್ಬಿಟೇರಿಯನ್ನರು ಎಲ್ಲ ಬೇಲಿ ಕಿತ್ತುಹಾಕಿ ಒಂದಾದ ಸಭೆ. ಅಲ್ಲಿ ಹಿಂದಿನ ಬೆಂಚಲ್ಲಿ ಕೂತು ನೋಡಿ. ಮೊದಲಿಗೆ ಬೇಜಾರಾಗುತ್ತೆ. ಪುಸ್ತಕ ನೋಡಿ ಓದುತ್ತಾರೆ, ಏಳಿ ಅಂದರೆ ಏಳುತ್ತಾರೆ, ಕೂರಿ ಅಂದರೆ ಕೂರುತ್ತಾರೆ, ಪ್ರಸಂಗ ಉದ್ದ. ಆದರೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಆರಾಧನೆಯಲ್ಲಿ, ಒಬ್ಬರಿಗೊಬ್ಬರು ಸಮಾಧಾನ ಕೊಡುವ ಹೊತ್ತು ಬಂದಾಗ ಕಣ್ಣಿಟ್ಟು ನೋಡಿ. ಅಯ್ಯನವರು, ಅಂದರೆ ಅಲ್ಲಿನ ಪಾದ್ರಿ, ಮುಂದಿದ್ದವರ ಜೋಡಿಸಿದ ಕೈಗಳನ್ನು ತಮ್ಮ ಎರಡೂ ಅಂಗೈ ನಡುವೆ ಹಿಡಿಯುತ್ತಾರೆ, ಅವರು ತಿರುಗಿ ಮುಂದಿನ ಸಾಲಿನವರ ಕೈ ಹಿಡಿಯುತ್ತಾರೆ, ಹೀಗೆ ಸಾಲಿಂದ ಸಾಲಿಗೆ ಬಂದು ಕೊನೆಗೆ ಯಾರೋ ಗುರುತೇ ಇಲ್ಲದ ಅಜ್ಜಿ ತಣ್ಣಗಿನ ಕೈಯಲ್ಲಿ ನಿಮ್ಮ ಕೈ ಹಿಡಿದು ತಲೆಯಾಡಿಸುತ್ತಾಳೆ. ಕೇರಳದ ಸುರಿಯಾನಿ ಕ್ರೈಸ್ತರ ಪದ್ಧತಿ ಅದು. ಸಿಎಸ್‌ಐ ಆರಾಧನಾ ಕ್ರಮ ಬರೆದವರು 1950ರ ಹೊತ್ತಿಗೆ ಅದನ್ನು ಒಳಗೆ ತಂದರು. ಈಗ ಎಷ್ಟೋ ಕಡೆ ಬರೀ ದೂರದಿಂದ ಕೈಮುಗಿದು ಮುಗಿಸಿಬಿಡುತ್ತಾರೆ, ನನಗೆ ಅದು ಬೇಸರವೇ.

ಕಥೋಲಿಕ ಧರ್ಮಕೇಂದ್ರಕ್ಕೂ ಹೋಗಿ. ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾದಲ್ಲಿ ಮಾತೆ ಮರಿಯಮ್ಮನ ಹುಟ್ಟುಹಬ್ಬ. ಅದರ ಹಿಂದಿನ ದಿನಗಳಲ್ಲಿ ಹೋದರೆ ಕೇಸರಿ ಬಟ್ಟೆ ತೊಟ್ಟವರು, ಮುಡಿ ಕೊಟ್ಟವರು, ಬುರ್ಖಾದವರು, ಕುಂಕುಮದವರು ಎಲ್ಲರೂ ಸಿಗುತ್ತಾರೆ, ಜಾತ್ರೆಯೇ. ಅದೇ ದಿನ ಮಂಗಳೂರು ಕಡೆ ಮೊಂತಿ ಹಬ್ಬ. ಮಕ್ಕಳು ಮರಿಯಮ್ಮನಿಗೆ ಹೂ ಹಾಕುತ್ತಾರೆ, ಚರ್ಚಿನಲ್ಲಿ ಹೊಸ ತೆನೆಗೆ ಆಶೀರ್ವಾದ ಆಗುತ್ತೆ, ಮನೆಯಲ್ಲಿ ಬಾಳೆಲೆ ಮೇಲೆ ಸಸ್ಯಾಹಾರದ ಊಟ. ನಿಮ್ಮೂರಿನ ಹೊಸ ಅಕ್ಕಿ ಹಬ್ಬ ನೋಡಿದವರಿಗೆ ಇದು ಹೊರಗಿನದು ಅನಿಸುವುದಿಲ್ಲ. ಕಥೋಲಿಕ ಪೂಜೆಯಲ್ಲಿ ಪರಮಪ್ರಸಾದ ಅಂತ ರೊಟ್ಟಿ ಕೊಡುವಾಗ ಮಾತ್ರ ಸಾಲಿನಲ್ಲಿ ನಿಂತು ಕೈ ಒಡ್ಡಬೇಡಿ. ಅದು ದೀಕ್ಷೆ ಆಗಿ, ತಯಾರಿ ಮಾಡಿಕೊಂಡ ಕಥೋಲಿಕರಿಗೆ. ದೇವಸ್ಥಾನದ ಪ್ರಸಾದದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೂತಲ್ಲೇ ಕೂತಿದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಹಾಸನದವರಿಗೆ ಚರ್ಚ್ ಅಂದರೆ ನೆನಪಾಗೋದು ಶೆಟ್ಟಿಹಳ್ಳಿಯ ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ ಏಳುವ ಪಾಳು ಗೋಡೆ, ಫೋಟೋ ತೆಗೆಸಿಕೊಳ್ಳೋ ಜಾಗ. ಅದು ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ್ದು, ಅಲ್ಲಿ ಕೂತು ಪ್ರಾರ್ಥನೆ ಮಾಡಿದವರು ಕನ್ನಡದ ರೈತರು. ಜರ್ಮನಿಯಿಂದ ಬಂದ ಪಾದ್ರಿ ಮೊಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ತಂದದ್ದು, ಕಿಟೆಲ್ 1894ರಲ್ಲಿ ನಿಘಂಟು ಕೊಟ್ಟದ್ದು ಶಾಲೆಯಲ್ಲೇ ಓದಿರುತ್ತೀರಿ. ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಅದು ಪರದೇಶದ ಧರ್ಮ, ನಮ್ಮ ಭಾಷೆಗೂ ಅದಕ್ಕೂ ಏನು ಸಂಬಂಧ ಅಂತ ನಿಮ್ಮ ಚಿಕ್ಕಪ್ಪ ಒಂದು ದಿನ ಕೇಳೇ ಕೇಳುತ್ತಾರೆ. ಹಾಗೆಯೇ, ಕ್ರೈಸ್ತರಾದರೆ ಜಾತಿ ಹೋಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಚರ್ಚಿನ ಒಳಗೂ ಮದುವೆ ಸಂಬಂಧ ನೋಡುವಾಗ ಜಾತಿ ಬಂದು ನಡುವೆ ಕೂರುತ್ತೆ, ಬೆಂಗಳೂರಿನ ಕಥೋಲಿಕರಲ್ಲಿ ಪೂಜೆ ಯಾವ ಭಾಷೆಯಲ್ಲಿ ಅನ್ನೋದಕ್ಕೇ ದಶಕಗಟ್ಟಲೆ ಜಗಳ ಆಗಿದೆ, ನಮ್ಮ ಕಡೆ ಸಭಾ ಸಮಿತಿಯ ಚುನಾವಣೆ ಅಂದರೆ ಗ್ರಾಮ ಪಂಚಾಯತಿ ಚುನಾವಣೆಗೆ ಯಾವುದರಲ್ಲೂ ಕಡಿಮೆ ಇರೋದಿಲ್ಲ. ನೀವು ಒಂದು ವರ್ಷ ಕಾಯಿರಿ ಅನ್ನುವುದು ಇದಕ್ಕೇ. ಕ್ರಿಸ್ಮಸ್ಸಿನಲ್ಲಿ ಯಾವ ಚರ್ಚಾದರೂ ಚೆಂದವೇ. ತಪಸ್ಸು ಕಾಲ ನೋಡಿ, ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬಿಸಿಲಲ್ಲಿ ನಡೆಯುವ ಆರಾಧನೆಯಲ್ಲಿ ಕೂತು ನೋಡಿ, ಮಳೆಗಾಲದಲ್ಲಿ ಯಾವ ಹಬ್ಬವೂ ಇಲ್ಲದೆ ಮೂವತ್ತು ಜನ ಬರುವ ಭಾನುವಾರಗಳನ್ನು ನೋಡಿ, ಒಂದು ಜಗಳ ನೋಡಿ, ಒಂದು ಸಾವಿಗೆ ಹೋಗಿ ಬನ್ನಿ. ಅಷ್ಟಾದ ಮೇಲೂ ಇಲ್ಲೇ ಇರಬೇಕು ಅನಿಸಿದರೆ ಆ ಮಾತಿಗೆ ತೂಕ ಇರುತ್ತೆ.

ಈಗ ನಿಮ್ಮ ಅಪ್ಪನ ವಿಷಯ. ಪ್ರಶ್ನೆಯಲ್ಲಿ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ, ಆದರೆ ಇಡೀ ಪತ್ರದ ಬೇರು ಅಲ್ಲಿದೆ ಅಂತ ನನಗೆ ಅನಿಸಿತು. 2021ರಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ದೇಹ ದೂರದಿಂದ ನೋಡಿ ಬಂದವರು ಎಷ್ಟು ಸಾವಿರ ಜನರೋ. ತಿಥಿ ಆಯಿತು, ನೆಂಟರು ಹೋದರು, ಅಳು ಒಳಗೇ ಉಳಿಯಿತು. ನಿಮ್ಮ ಹಾಲ್ ಚರ್ಚಿನಲ್ಲಿ ಇದರ ಬಗ್ಗೆ ಯಾವತ್ತಾದರೂ ಮಾತಾಡಿದ್ದೀರಾ? ಯಾಕೆ ಕೇಳುತ್ತೇನೆ ಅಂದರೆ, ಜಯ, ಆಶೀರ್ವಾದ, ಬಿಡುಗಡೆ ಅಂತ ಮಾತ್ರ ಹಾಡುವ ಸಭೆಗಳಲ್ಲಿ ದುಃಖಕ್ಕೆ ಕೂರೋ ಜಾಗ ಸಿಗುವುದಿಲ್ಲ. ಮೂರು ತಿಂಗಳಾದ ಮೇಲೂ ಅಳುತ್ತಿದ್ದರೆ ನಂಬಿಕೆ ಸಾಲದು ಅನ್ನುತ್ತಾರೆ. ಇದು ಅವರ ಗ್ರಂಥಕ್ಕೇ ಒಪ್ಪುವ ಮಾತಲ್ಲ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, 150 ಕೀರ್ತನೆಗಳಿವೆ, ಅದರಲ್ಲಿ ದೊಡ್ಡ ಪಾಲು ಗೋಳಾಟ. ಎಲ್ಲಿದ್ದೀಯ, ಯಾಕೆ ಮುಖ ಮರೆಸಿಕೊಂಡೆ ಅಂತ ದೇವರನ್ನೇ ಹಿಡಿದು ಜಗ್ಗುವ ಕೀರ್ತನೆಗಳು. 88ನೆಯದನ್ನು ಓದಿ. ಅದು ಯಾವ ಸಮಾಧಾನವನ್ನೂ ಹೇಳದೆ ಕತ್ತಲೆಯಲ್ಲೇ ಮುಗಿಯುತ್ತೆ. ಅದೇ ಗ್ರಂಥದಲ್ಲಿ ಯೇಸುವಿನ ಕತೆ ಹೇಳುವ ಮಾರ್ಕನ ಸುವಾರ್ತೆ ಬರೀ 16 ಅಧ್ಯಾಯ, ಒಂದು ಸಂಜೆ ಸಾಕು. ಅದರ ಹಳೇ ಹಸ್ತಪ್ರತಿಗಳು ಎಲ್ಲಿ ನಿಲ್ಲುತ್ತವೆ ಗೊತ್ತಾ? ಬರಿದಾದ ಸಮಾಧಿ ನೋಡಿದ ಹೆಂಗಸರು ಹೆದರಿ, ಯಾರಿಗೂ ಏನೂ ಹೇಳದೆ ಓಡಿಹೋದರು ಅನ್ನುವಲ್ಲಿ. ಅರ್ಥ ಹುಡುಕುತ್ತಿರುವವರಿಗೆ ನಾನು ಮೊದಲು ಕೈಗಿಡುವುದು ಈ ಎರಡನ್ನೇ. ಬದುಕಿನ ಹತ್ತು ಸೂತ್ರ ಅಂತ ಇರುವ ಯೂಟ್ಯೂಬ್ ಪ್ರಸಂಗಗಳನ್ನು ಸ್ವಲ್ಪ ದಿನ ಬದಿಗಿಡಿ.

ನಿದ್ದೆ ಇಲ್ಲ ಅಂದಿದ್ದೀರಿ. ಇಷ್ಟು ಕಾಲದಿಂದ ನಿದ್ದೆ ಸರಿ ಇಲ್ಲ, ಯಾವುದರಲ್ಲೂ ರುಚಿ ಇಲ್ಲ ಅಂದರೆ ಡಾಕ್ಟರಿಗೆ ತೋರಿಸಬೇಕು. ಪ್ರಾರ್ಥನೆಯ ಜೊತೆಗೇ ತೋರಿಸಿ, ಅದರ ಬದಲಿಗೆ ಅಂತ ಅಲ್ಲ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಬೇಡ. ಚರ್ಚಿನಲ್ಲಿ ಯಾರಾದರೂ ಮಾತ್ರೆ ಬಿಡಿ, ಕರ್ತನು ನೋಡಿಕೊಳ್ಳುತ್ತಾನೆ ಅಂದರೆ ಅವತ್ತೇ ಅಲ್ಲಿಂದ ಎದ್ದು ಬನ್ನಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಇನ್ನೂ ಕೆಲವು ಕಡೆ ಕಿವಿ ನೆಟ್ಟಗೆ ಇರಲಿ. ದಶಮಾಂಶ ಅಂತ ಸಂಬಳದ ಹತ್ತರಲ್ಲೊಂದು ಭಾಗ ಕೇಳುತ್ತಾರೆ, ಕೇಳುವುದು ತಪ್ಪಲ್ಲ. ಆದರೆ ಆ ದುಡ್ಡು ಯಾರ ಖಾತೆಗೆ ಹೋಗುತ್ತೆ, ಗೋಡೆಗೆ ಅಂಟಿಸಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಟ್ರಸ್ಟಿನ ಹೆಸರು ಬರುತ್ತಾ, ಪಾಸ್ಟರ್ ಹೆಂಡತಿಯ ಹೆಸರು ಬರುತ್ತಾ, ನೋಡಿ. ವರ್ಷಕ್ಕೊಮ್ಮೆ ಲೆಕ್ಕಪತ್ರ ಸಭೆಯ ಮುಂದೆ ಇಡುತ್ತಾರಾ? ಪಾಸ್ಟರ್ ತಪ್ಪು ಮಾಡಿದರೆ ಅವರನ್ನು ಕೇಳುವವರು ಯಾರು? ದೇವರೊಬ್ಬನೇ ಅಂತ ಉತ್ತರ ಬಂದರೆ ಹುಷಾರು. ಬಿಷಪ್ಪರು, ಸಮಿತಿ, ಸಿನೋಡು ಅನ್ನುವ ಮೇಲಿನ ಆಡಳಿತ ಮಂಡಳಿ ಇರುವ ಸಭೆಗಳೂ ಸಾಚಾ ಏನಲ್ಲ, ಆಸ್ತಿ ವಿಷಯಕ್ಕೆ ಕೋರ್ಟು ಹತ್ತಿರುವುದು ಪೇಪರಲ್ಲಿ ಬರುತ್ತಲೇ ಇರುತ್ತೆ. ಆದರೆ ಅಲ್ಲಿ ದೂರು ಕೊಡೋದಕ್ಕೆ ಒಂದು ಬಾಗಿಲಾದರೂ ಇರುತ್ತೆ. ನೀವು ಯಾರನ್ನು ಮದುವೆಯಾಗಬೇಕು ಅಂತ ಪಾಸ್ಟರಿಗೆ ದರ್ಶನ ಬಂದರೆ, ಮನೆಯವರ ಜೊತೆ ಮಾತು ಕಡಿಮೆ ಮಾಡಿ ಅಂದರೆ, ಆಗಲೂ ಎದ್ದು ಬನ್ನಿ.

ಕಾನೂನಿಗೆ ಬರೋಣ. ಸಂವಿಧಾನದ 25ನೇ ವಿಧಿ ನಿಮಗೆ ಇಷ್ಟಬಂದ ಧರ್ಮವನ್ನು ನಂಬುವ, ಆಚರಿಸುವ ಹಕ್ಕು ಕೊಟ್ಟಿದೆ. ಚರ್ಚಿಗೆ ಹೋಗಿ ಕೂರೋದಕ್ಕೆ, ಬೈಬಲ್ ಓದೋದಕ್ಕೆ ಯಾರ ಅನುಮತಿಯೂ ಬೇಡ. ಮತಾಂತರಕ್ಕೆ ಮಾತ್ರ ಕರ್ನಾಟಕದಲ್ಲಿ 2022ರಲ್ಲಿ ಒಂದು ಕಾಯ್ದೆ ಬಂತು. ಅದರ ಪ್ರಕಾರ ಮತಾಂತರ ಆಗುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ಬರೆದುಕೊಡಬೇಕು, ದೀಕ್ಷೆ ಕೊಡುವವರೂ ಕೊಡಬೇಕು, ಆದ ಮೇಲೆ ಮತ್ತೆ 30 ದಿನದೊಳಗೆ ಇನ್ನೊಂದು ಹೇಳಿಕೆ. ಆಮಿಷ, ಬಲವಂತ ಅಂತ ಮನೆಯವರಷ್ಟೇ ಅಲ್ಲ, ಸಹೋದ್ಯೋಗಿಯೂ ದೂರು ಕೊಡಬಹುದು. ಮತಾಂತರಗೊಂಡವರು ಮಹಿಳೆಯಾದರೆ ಮಾಡಿಸಿದವರಿಗೆ ಶಿಕ್ಷೆ ಜಾಸ್ತಿ, 3ರಿಂದ 10 ವರ್ಷ. ಜೂನ್ 2023ರಲ್ಲಿ ಸಚಿವ ಸಂಪುಟ ಇದನ್ನು ವಾಪಸ್ ತೆಗೆಯುವ ತೀರ್ಮಾನ ಮಾಡಿತು. ಸಂಪುಟದ ತೀರ್ಮಾನವೇ ಬೇರೆ, ಕಾಯ್ದೆ ರದ್ದಾಗುವುದೇ ಬೇರೆ. ಹೆಜ್ಜೆ ಇಡುವ ಮುನ್ನ ಒಬ್ಬ ವಕೀಲರನ್ನು ಕೇಳಿ, ಪಾಸ್ಟರ್ ಹೇಳಿದ್ದನ್ನೇ ನೆಚ್ಚಿಕೊಳ್ಳಬೇಡಿ. ನಿಮ್ಮ ಗೆಳತಿ ತಂದುಕೊಟ್ಟ ಎಳನೀರು ನಾಳೆ ಯಾರದೋ ಬಾಯಲ್ಲಿ ಆಮಿಷ ಆಗಬಾರದು, ಅವಳಿಗೋಸ್ಕರವಾದರೂ ಎಲ್ಲವೂ ಬಿಚ್ಚಿಟ್ಟ ಹಾಗೆ ನಡೆಯಲಿ.

ಆಸ್ತಿ ವಿಷಯ ನೀವು ಹೆದರಿದಷ್ಟಿಲ್ಲ. ಅಪ್ಪ ಉಯಿಲು ಬರೆಯದೆ ತೀರಿಕೊಂಡಿದ್ದರೆ ಅವರ ಆಸ್ತಿಯಲ್ಲಿ ನಿಮ್ಮ ಪಾಲು 2021ರಲ್ಲೇ ನಿಮ್ಮದಾಯಿತು, ಮುಂದೆ ಧರ್ಮ ಬದಲಿಸಿದರೆ ಅದು ವಾಪಸ್ ಹೋಗುವುದಿಲ್ಲ. ಇನ್ನು ಮುಂದೆ ಬರಬೇಕಾದ ಪಾಲಿಗೂ ನೀವು ಧರ್ಮ ಬದಲಿಸಿದ್ದು ಅಡ್ಡಿಯಲ್ಲ. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಮು ಒಂದಿದೆ. ಮತಾಂತರದ ನಂತರ ಹುಟ್ಟುವ ನಿಮ್ಮ ಮಕ್ಕಳಿಗೆ, ಅವರು ಆ ಹೊತ್ತಿಗೆ ಹಿಂದೂಗಳಾಗಿರದಿದ್ದರೆ, ಅಜ್ಜಿ ಮಾವಂದಿರ ಆಸ್ತಿ ತಾನಾಗಿ ಬರುವುದಿಲ್ಲ. ಅವರು ಉಯಿಲು ಬರೆದುಕೊಟ್ಟರೆ ಬರುತ್ತೆ. ಜಾತಿ ಸರ್ಟಿಫಿಕೇಟ್ ಬಗ್ಗೆ, ನೀವು ಯಾವ ವರ್ಗ ಅಂತ ಬರೆದಿಲ್ಲ. ಪರಿಶಿಷ್ಟ ಜಾತಿಯಾದರೆ ಪೆಟ್ಟು ದೊಡ್ಡದು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಆ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ, ಕ್ರೈಸ್ತರಾದರೆ ಹೋಗುತ್ತೆ. ರಾಜ್ಯದ ಮೀಸಲಾತಿಯಲ್ಲಿ ಅಂಥವರನ್ನು ಪ್ರವರ್ಗ 1ರಲ್ಲಿ ಇಟ್ಟಿದ್ದಾರೆ, ಉಳಿದ ಕ್ರೈಸ್ತರು 3ಬಿ. ಪರಿಶಿಷ್ಟ ಪಂಗಡಕ್ಕೆ ಧರ್ಮದ ಈ ಕಟ್ಟು ಇಲ್ಲ. ಒಳಗೆ ಕ್ರೈಸ್ತರಾಗಿ, ಕಾಗದದಲ್ಲಿ ಹಿಂದೂವಾಗಿ ಇರಿ ಅಂತ ಕೆಲವರು ಸಲಹೆ ಕೊಡುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತೆ, ಈ ಕಾನೂನು ನ್ಯಾಯದ್ದು ಅಂತ ನಾನು ಒಪ್ಪುವುದೂ ಇಲ್ಲ. ಆದರೆ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಒಂದು ಕೇಸಿನಲ್ಲಿ, ಚರ್ಚಿಗೆ ನಡೆದುಕೊಳ್ಳುತ್ತಿದ್ದ ಹೆಣ್ಣುಮಗಳಿಗೆ ಕೆಲಸಕ್ಕೋಸ್ಕರ ಪರಿಶಿಷ್ಟ ಜಾತಿಯ ಸರ್ಟಿಫಿಕೇಟ್ ಕೊಡಲಾಗದು ಅಂತ ತೀರ್ಪು ಕೊಟ್ಟಿದೆ. ಗೊತ್ತಿರಲಿ. ಹೆಸರು ಬದಲಿಸಬೇಕು ಅಂತೇನೂ ಇಲ್ಲ, ಅಮ್ಮ ಇಟ್ಟ ಹೆಸರಲ್ಲೇ ದೀಕ್ಷೆ ತೆಗೆದುಕೊಳ್ಳಬಹುದು.

ಅಮ್ಮನಿಗೆ ಹೇಳಬೇಕು. ದೀಕ್ಷೆ ಆದ ಮೇಲೆ ಅಲ್ಲ, ಈಗಲೇ. ನೀರಿನಿಂದ ಎದ್ದು ಬರುತ್ತಿರುವ ನಿಮ್ಮ ಫೋಟೋವನ್ನು ಯಾರೋ ಉತ್ಸಾಹದಲ್ಲಿ ಹಾಕಿ, ಅದು ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಅಮ್ಮನ ಕಣ್ಣಿಗೆ ಬೀಳುವಂತಾದರೆ ಆ ಗಾಯ ಮಾಯುವುದು ಕಷ್ಟ. ಫೋನಲ್ಲಿ ಬೇಡ, ಊರಿಗೆ ಹೋದಾಗ ಅಡುಗೆಮನೆಯಲ್ಲಿ ಹೇಳಿ. ಯೇಸುಸ್ವಾಮಿಯಿಂದ ಶುರು ಮಾಡಬೇಡಿ, ಡೆಂಗ್ಯೂವಿನಿಂದ ಶುರು ಮಾಡಿ. ಜ್ವರ ಬಂದದ್ದೇ ಅವರಿಗೆ ಹೇಳಿರಲಿಕ್ಕಿಲ್ಲ ನೀವು, ಅದಕ್ಕೆ ಮೊದಲು ಬೈತಾರೆ. ಆಮೇಲೆ ನೋಡಿಕೊಂಡವರು ಯಾರು ಅಂತ ಕೇಳುತ್ತಾರೆ. ಹೇಳಿ. ಅಪ್ಪನ ತಿಥಿಗೆ ಬರುವುದನ್ನು ಬಿಡುತ್ತೀಯಾ ಅನ್ನೋದು ಅವರ ಮುಂದಿನ ಪ್ರಶ್ನೆ, ಅದಕ್ಕೆ ಉತ್ತರ ಯೋಚಿಸಿಕೊಂಡೇ ಹೋಗಿ. ನಿಮ್ಮ ಹಾಲ್ ಚರ್ಚಿನವರು ಬಿಡಬೇಕು ಅನ್ನಬಹುದು. ಎಡೆ ಇಡುವುದಿಲ್ಲ, ಆದರೆ ಬಂದು ಅಡುಗೆಗೆ ಕೈಜೋಡಿಸುತ್ತೇನೆ, ಬಡಿಸುತ್ತೇನೆ ಅನ್ನುವವರು ನನಗೆ ಗೊತ್ತಿದ್ದಾರೆ. ಹತ್ತಿರವೇ ಹೋಗಬಾರದು ಅನ್ನುವವರೂ ಇದ್ದಾರೆ. ನನ್ನನ್ನು ಕೇಳಿದರೆ ಹೋಗಿ. ತಂದೆ ತಾಯಿಯನ್ನು ಸನ್ಮಾನಿಸು ಅನ್ನುವುದು ಹತ್ತು ಆಜ್ಞೆಗಳಲ್ಲೇ ಇದೆ, ಅದನ್ನು ಪಾಸ್ಟರಿಗೆ ನೀವೇ ನೆನಪಿಸಬಹುದು.

ಪಾಸ್ಟರಿಗೆ ಏನು ಹೇಳೋದು ಅಂದರೆ, ಮುಂದಿನ ಈಸ್ಟರ್ ಕಳೆಯಲಿ, ಅಲ್ಲಿಯವರೆಗೆ ಬರುತ್ತಿರುತ್ತೇನೆ, ಆ ಮಾತು ನಾನೇ ಎತ್ತುತ್ತೇನೆ ಅನ್ನಿ. ಅವರು ಸರಿ ಅಂತ ನಕ್ಕು ಅದೇ ಪ್ರೀತಿಯಿಂದ ಮಾತಾಡಿಸಿದರೆ ಒಳ್ಳೇ ಜಾಗದಲ್ಲೇ ಇದ್ದೀರಿ. ಮುಖ ಗಂಟಿಕ್ಕಿದರೆ, ಗೆಳತಿಯರ ಫೋನ್ ಕಡಿಮೆಯಾದರೆ, ಅದೂ ಗೊತ್ತಾದಂತಾಯಿತು.

ಕುಂಕುಮ ಇಟ್ಟುಕೊಂಡೇ ಹೋಗಿ. ಕಥೋಲಿಕ ಚರ್ಚುಗಳಲ್ಲಿ ಬೊಟ್ಟು ಇಟ್ಟ ಕ್ರೈಸ್ತ ಹೆಂಗಸರೇ ಬೇಕಾದಷ್ಟು ಸಿಗುತ್ತಾರೆ. ಸಿಎಸ್‌ಐನಲ್ಲಿ ಹಳಬರು ಒಂದು ಸಲ ತಿರುಗಿ ನೋಡಬಹುದು, ಪೆಂಟೆಕೋಸ್ತರಲ್ಲಿ ಒಬ್ಬ ಆಂಟಿ ಪಕ್ಕಕ್ಕೆ ಕರೆದು ಮೆತ್ತಗೆ ಬುದ್ಧಿ ಹೇಳಬಹುದು, ಅವರಲ್ಲಿ ಕೆಲವು ಕಡೆ ಬಳೆ, ಸರವೂ ಇಲ್ಲ. ಕೇಳಿಸಿಕೊಂಡು ಹೂಂ ಅನ್ನಿ. ತೆಗೆಯೋದು ಬಿಡೋದು ಆಮೇಲಿನ ಮಾತು.